ಮೆಲ್ಲಿ ದಾರಿ ಕಾಯುತ್ತಿದ್ದಾಳೆ

ಕಡಲಿನ ನೀರಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿಯದಿದ್ದ ಕಾಲ. ಹವಳದ ದಿಬ್ಬದಲ್ಲಿ ಈಗ ಕಾಣುವ ದೊಡ್ಡ ಕಪ್ಪೆಚಿಪ್ಪುಗಳು ಆಗ ಅಂಗೈಯಷ್ಟೇ ಇದ್ದವು. ಎರಡು ಚಿಪ್ಪುಗಳನ್ನು ಪಟಪಟ ಬಡಿಯುತ್ತ ಕಡಲೆಲ್ಲ ಸುತ್ತುತ್ತಿದ್ದವು.

ಅವುಗಳಲ್ಲಿ ಅಕ್ಕತಂಗಿಯರು ಇಬ್ಬರಿದ್ದರು. ಅಕ್ಕ ಮೆಲ್ಲಿಗೆ ಮಾತು ಕಡಿಮೆ. ತಂಗಿ ಗೌಜಿಗೆ ಮಾತೇ ಊಟ. ಒಬ್ಬಳನ್ನು ಬಿಟ್ಟು ಒಬ್ಬಳಿಲ್ಲ.

ಒಂದು ದಿನ ಹವಳದ ದಿಬ್ಬದ ಬಳಿ ಆಡುತ್ತಿದ್ದಾಗ ನೀರಿನ ಸೆಳೆತ ಬಂತು. "ಅಕ್ಕಾ" ಎಂದದ್ದಷ್ಟೇ ಮೆಲ್ಲಿಗೆ ಕೇಳಿಸಿತು. ತಿರುಗಿ ನೋಡಿದರೆ ಗೌಜಿ ಇಲ್ಲ. ಬರೀ ನೀರು.

ಮುದಿ ಆಮೆಯೊಬ್ಬಳು ಹತ್ತಿರ ಬಂದಳು. "ನನ್ನ ಬೆನ್ನೇರು ಮಗಾ, ಹುಡುಕೋಣ."

"ಬೇಡ ಅಜ್ಜಿ. ನಾನು ಅತ್ತ ಹೋದಾಗ ಅವಳು ಇತ್ತ ಬಂದರೆ?"

ಮೆಲ್ಲಿ ಹವಳದ ಸಂದಿನಲ್ಲಿ ಕುಳಿತಳು. ಕುಳಿತೇ ಇದ್ದಳು. ಮೇವಿಗೂ ಕದಲಲಿಲ್ಲ. ದಿನದಿನಕ್ಕೆ ಸೊರಗಿದಳು.

ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಮಕ್ಕಳು ತೇಲಿಬಂದವು. "ನಮಗೆ ಮನೆಯಿಲ್ಲ. ನಿನ್ನ ಮಡಿಲಲ್ಲಿ ಜಾಗ ಕೊಡ್ತೀಯಾ? ಬಿಸಿಲಿದ್ದರೆ ಸಾಕು, ನಿನಗೂ ಸೇರಿಸಿ ಅಡುಗೆ ಮಾಡ್ತೇವೆ."

"ಬನ್ನಿ. ನನ್ನ ತಂಗಿಗೆ ದೂರದಿಂದಲೇ ಕಾಣುವ ಹಾಗೆ ನನ್ನನ್ನು ಸಿಂಗರಿಸಿ, ಅಷ್ಟು ಸಾಕು."

ಮೆಲ್ಲಿ ಬಿಸಿಲಿಗೆ ಬಾಯಿ ತೆರೆದಳು. ಅವಳ ಅಂಚಿಗೆ ನವಿಲಿನ ನೀಲಿ ಬಂತು, ಹಸಿರು ಬಂತು. ಬಿಸಿಲಿನ ಊಟ ಉಂಡು ಬೆಳೆದಳು, ಬೆಳೆದಳು, ರುಬ್ಬುವ ಕಲ್ಲಿಗಿಂತ ದೊಡ್ಡವಳಾದಳು. ಸುತ್ತಲೂ ಹವಳ ಬೆಳೆದು ಅವಳನ್ನು ಹಿಡಿದುಕೊಂಡಿತು.

ಒಮ್ಮೆ ಮೇಲೊಂದು ನೆರಳು ಬಿತ್ತು. "ಗೌಜಿ!" ಮೆಲ್ಲಿ ತಬ್ಬಿಕೊಳ್ಳಲೆಂದು ಥಟ್ಟನೆ ಚಿಪ್ಪು ಮುಚ್ಚಿದಳು. ಒಳಗೆ ಏನೂ ಇರಲಿಲ್ಲ.

"ನಾನಮ್ಮ, ಗಿಳಿಮೀನು," ಎಂದು ಹೊರಗಿನಿಂದ ದನಿ ಬಂತು. "ದಾರಿಯಲ್ಲಿ ಹೋಗುತ್ತಿದ್ದೆ."

ಮೆಲ್ಲಿ ನಿಧಾನವಾಗಿ ಮತ್ತೆ ತೆರೆದಳು.

ಎಷ್ಟೋ ಕಾಲದ ಮೇಲೆ ಆಮೆ ಮರಳಿ ಬಂದಳು. "ದೂರದ ಇನ್ನೊಂದು ದಿಬ್ಬದಲ್ಲಿ ನಿನ್ನ ತಂಗಿಯನ್ನು ಕಂಡೆ. ಸೆಳೆತ ಬಿಟ್ಟ ಜಾಗದಲ್ಲೇ ಕುಳಿತಿದ್ದಾಳೆ, ಅವಳನ್ನೂ ಹವಳ ಹಿಡಿದುಕೊಂಡಿದೆ. 'ಅಕ್ಕ ಹುಡುಕಿಕೊಂಡು ಬರ್ತಾಳೆ, ನಾನು ಕದಲಬಾರದು' ಅಂದಳು."

ಮೆಲ್ಲಿ ಏಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಹವಳ ಬಿಡಲಿಲ್ಲ.

ಆಮೆಯನ್ನು ಕೇಳಿದಳು, "ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ. ಈಗಲೂ ಮಾತೇ ಮಾತು."

ಮೆಲ್ಲಿ ನಕ್ಕಳು. ಆಮೇಲೆ ತನ್ನ ಮರಿಗಳನ್ನು, ಧೂಳಿನಷ್ಟು ಸಣ್ಣವನ್ನು, ನೀರಿಗೆ ಬಿಟ್ಟಳು. "ಚಿಕ್ಕಮ್ಮನ ಕಡೆ ಹೋಗಿ. ನಾನು ಇಲ್ಲೇ ಇದ್ದೇನೆ ಅನ್ನಿ."

ಮರಿಗಳು ತಲುಪಿದವೋ ಇಲ್ಲವೋ, ಕಡಲು ಹೇಳಲಿಲ್ಲ. ತಂಗಿ ಬರಲಾರಳೆಂದು ಮೆಲ್ಲಿಗೆ ಗೊತ್ತು. ಆದರೂ ನೆರಳು ಬಿದ್ದರೆ ಜೀವ ತಡೆಯದು.

ಅದಕ್ಕೇ ಕಂದಾ, ಹವಳದ ದ್ವೀಪದಲ್ಲಿ ದೋಣಿಯಿಂದ ಬಗ್ಗಿ ನೋಡಿದರೆ, ನಿನ್ನ ನೆರಳು ಬಿದ್ದ ಕೂಡಲೇ ಆ ನೀಲಿ ಕಪ್ಪೆಚಿಪ್ಪು ಥಟ್ಟನೆ ಮುಚ್ಚಿಕೊಳ್ಳುತ್ತದೆ. ನೀನು ಸರಿದ ಮೇಲೆ, ತುಸು ಹೊತ್ತು ತಡೆದು, ಮತ್ತೆ ಬಿಸಿಲಿಗೆ ತೆರೆದುಕೊಳ್ಳುತ್ತದೆ.