ಹೆಗ್ಗಣಪ್ಪ ಹುಡುಕಿದ ಮೂಲೆ

"ಬಾಗಿಲಿಂದ ಶುರು ಮಾಡ್ರಿ. ಯಾವ ಕವಲಾದರೂ ಆಗಲಿ, ಅದರ ಕೊನೆಗೆ ಬೇವಿನೆಲೆ ಕಂಡರೆ ಅಗೀರಿ. ಶೇಂಗಾ ಅಲ್ಲೇ ಇದೆ."

ಇಷ್ಟು ಹೇಳಿ ಹೆಗ್ಗಣಪ್ಪನ ಹೆಂಡತಿ ಕಣ್ಣು ಮುಚ್ಚಿದಳು. ಬಿಲದ ಕವಲುಗಳನ್ನೆಲ್ಲ ತೋಡಿದವಳು ಅವಳೇ. ಹುಳ ಹಿಡಿಯದಿರಲಿ ಅಂತ ಕಾಳಿನ ಮೇಲೆ ಬೇವು ಮುಚ್ಚುವುದು ಅವಳ ರೂಢಿ.

ಹೆಗ್ಗಣಪ್ಪ ಮೂರು ದಿನ ಹುಡುಕಿದ. ಒಂದು ಎಲೆಯೂ ಸಿಗಲಿಲ್ಲ. ಮರಿಗಳು ಹಸಿವಿಗೆ ಮಣ್ಣು ನೆಕ್ಕತೊಡಗಿದವು.

"ಪಾಪ, ಗುರುತು ತಪ್ಪು ಹೇಳಿ ಹೋದಳು," ಅಂತ ಅವನು ಬಿಲದಲ್ಲೇ ಇದ್ದ ಮುದಿ ಕಪ್ಪೆಗೆ ಹೇಳಿದ.

"ಗುರುತು ಸರಿಯಾಗೇ ಇದೆ ತಮ್ಮಾ. ನೀನು ಎಲ್ಲಿಂದ ಹೊರಡ್ತೀಯ?"

"ಅವಳು ಮಲಗಿದ್ದ ಮೂಲೆಯಿಂದ."

"ಅಲ್ಲಿಂದ ಮುಂದೆ ಎಷ್ಟು ಕವಲು?"

"ಒಂದೂ ಇಲ್ಲ. ಬಿಲ ಅಲ್ಲಿಗೇ ಮುಗೀತದೆ."

"ಮತ್ತೆ ಮೂರು ದಿನ ಏನು ಹುಡುಕಿದೆ?"

"ಆ ಮೂಲೆಯನ್ನೇ."

ಕಪ್ಪೆ ಅವನ ಪಕ್ಕಕ್ಕೆ ಕುಪ್ಪಳಿಸಿ ಬಂತು. "ಆ ಮೂಲೆಯಲ್ಲಿ ಶೇಂಗಾ ಇಲ್ಲಪ್ಪ. ಅವಳೂ ಇಲ್ಲ," ಅಂದಿತು.

ಮರುದಿನ ಬೆಳಿಗ್ಗೆ ಹೆಗ್ಗಣಪ್ಪ ಬಾಗಿಲಾಚೆ ಹೋಗಿ ನಿಂತು, ಮೈ ಕೊಡವಿಕೊಂಡು, ತಿರುಗಿ ಒಳಗೆ ಬಂದ. ಎರಡನೇ ಕವಲಿನ ಕೊನೆಯಲ್ಲಿ ಬೇವಿನೆಲೆ ಕಂಡು ಅಗೆದು, ಸಿಕ್ಕ ಶೇಂಗಾ ಸುಲಿದು, ಮರಿಗಳ ಬಾಯಿಗೆ ಒಂದೊಂದಾಗಿ ಇಟ್ಟ.