ಗದಿಗೆಪ್ಪನ ದಿಬ್ಬ ಮತ್ತು ಒಮ್ಮೆ ಕೂಗಿದ ಹೆಸರು

ಸೋಮಗೊಂಡನಕೊಪ್ಪದಿಂದ ಹೊರಟ ರಸ್ತೆ ಮೆಣಸಿನಕಾಯಿ, ಹತ್ತಿ ಹೊಲಗಳ ನಡುವೆ ಆರಾಮಾಗಿ ಸಾಗಿ, ವರದಾ ನದಿ ಇನ್ನೇನು ಬಂತು ಎನ್ನುವಾಗ ಒಮ್ಮೆಲೇ ಎದ್ದು ನಿಲ್ಲುತ್ತದೆ. ಆ ಏರಿನ ನೆತ್ತಿಯೇ ಗದಿಗೆಪ್ಪನ ದಿಬ್ಬ. ಅಲ್ಲಿ ನಿಂತವರಿಗೆ ಕಣಿವೆಯೆಲ್ಲ ಕಾಣುತ್ತದೆ: ಮಗ್ಗುಲು ಬದಲಿಸುತ್ತ ಹರಿಯುವ ನದಿ, ಆಚೆ ದಂಡೆಯಲ್ಲಿ ಕರೆಜಾಲಿಹಾಳದ ಮಾಳಿಗೆ ಮನೆಗಳು, ಹೊಸ ಸೇತುವೆ, ಅದರ ಪಕ್ಕದಲ್ಲಿ ನೀರಿನಿಂದ ತಲೆ ಎತ್ತಿರುವ ಹಳೆಯ ಸೇತುವೆಯ ಎರಡು ಮೋಟು ಕಂಬಗಳು. ಭಾನುವಾರ ಬೆಳಗಾದರೆ ಸಾಕು, ಹುಬ್ಬಳ್ಳಿ, ಹಾವೇರಿ ಕಡೆಯಿಂದ ತಲೆಗೆ ಹೆಲ್ಮೆಟ್ಟು ಕಟ್ಟಿಕೊಂಡ ಸೈಕಲ್ ಸವಾರರ ದಂಡೇ ಬರುತ್ತದೆ. ಏದುಸಿರು ಬಿಡುತ್ತ ಹತ್ತುತ್ತಾರೆ, ನೀರು ಕುಡಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಫಲಕದ ಮೇಲಿನ ಹೆಸರು ಓದಿ, "ಗದ್ದಿಗೆ ಎಲ್ಲೈತ್ರಿ?" ಎಂದು ಹುಡುಕಲು ಶುರುಮಾಡುತ್ತಾರೆ. ಒಬ್ಬ ಪುಣ್ಯಾತ್ಮನಂತೂ ಮೈಲಿಗಲ್ಲಿಗೆ ಚೆಂಡುಹೂವು ಏರಿಸಿ ಕೈಮುಗಿದು ಹೋಗಿದ್ದಾನೆ. ಸ್ವಾಮಿ, ಅಲ್ಲಿ ಗದ್ದಿಗೆಯೂ ಇಲ್ಲ, ಮಠವೂ ಇಲ್ಲ. ಗದಿಗೆಪ್ಪ ಮಹಾತ್ಮನೂ ಅಲ್ಲ, ದಾನಿಯೂ ಅಲ್ಲ. ಕರೆಜಾಲಿಹಾಳದ ಒಬ್ಬ ಸಾದಾ ಒಕ್ಕಲಿಗ, ಸ್ವಲ್ಪ ಬಡಾಯಿಕೋರ. ದಿಬ್ಬಕ್ಕೆ ಅವನ ಹೆಸರು ಬಂದದ್ದು ಅವನು ಮಾಡಿದ ಯಾವ ಕೆಲಸದಿಂದಲೂ ಅಲ್ಲ, ಅವನ ಹೆಂಡತಿ ಈರವ್ವನ ಬಾಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಗೆ ಸೈಕಲ್ಲು ಬಂದ ಹೊಸದರಲ್ಲಿ, ಈರವ್ವ ಕರೆಜಾಲಿಹಾಳಕ್ಕೆ ಸೊಸೆಯಾಗಿ ಬಂದಳು. ಆಗಿನ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ. ಮದುವೆ, ಸೀಮಂತಗಳಲ್ಲಿ ಮಾತ್ರ ಒಡಪು ಕಟ್ಟಿ, ಹಾಡಿನ ನಡುವೆ ಹೆಸರನ್ನು ಹುದುಗಿಸಿ ಹೇಳಲು ಪರವಾನಗಿ ಇತ್ತು. ಈರವ್ವನಿಂದ ಅದೂ ಆಗಲಿಲ್ಲ. ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು "ಹೆಸರು ಹೇಳು, ಒಳಗ ಬಿಡ್ತೀವಿ" ಎಂದು ಎಷ್ಟು ಕಾಡಿದರೂ ಅವಳ ತುಟಿ ಬಿಚ್ಚಲಿಲ್ಲ. ಕಡೆಗೆ ಅತ್ತೆ ಸಿದ್ದವ್ವನೇ, "ಇರಲಿ ಬಿಡ್ರೆ, ನನ್ನ ಮಗಗ ನೂರು ವರ್ಷ ಬೇಡ್ಕೊಂಡು ಬಂದಾಳ" ಎಂದು ಸೊಸೆಯನ್ನು ಒಳಗೆ ಕರೆದುಕೊಂಡಳು. ಈರವ್ವನ ಹೆದರಿಕೆ ಎಷ್ಟರಮಟ್ಟಿನದು ಎಂದರೆ, ಊರಲ್ಲಿ ಎಣ್ಣೆ ಮಾರುವ ಇನ್ನೊಬ್ಬ ಗದಿಗೆಪ್ಪನಿದ್ದ. ಅವನನ್ನು ಕೂಡ "ನಮ್ಮವರ ಹೆಸರಿನವ" ಎಂದೇ ಕರೆಯುತ್ತಿದ್ದಳು. ಗದಿಗೆಪ್ಪನಿಗೆ ಇದು ದೊಡ್ಡ ಚೇಷ್ಟೆಯ ವಿಷಯ. ಯಾರೂ ಇಲ್ಲದಾಗ ಹಿಂದೆ ಬಿದ್ದು, "ಒಂದಽ ಸಲ ಕರಿ, ಕೇಳೋಣ" ಎನ್ನುವನು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆ ಸೇರುವಳು.

ಮೊದಲ ಶ್ರಾವಣದಲ್ಲಿ ಈರವ್ವ ಪಂಚಮಿಗೆಂದು ಸೋಮಗೊಂಡನಕೊಪ್ಪದ ತವರಿಗೆ ಬಂದಿದ್ದಳು. ಹಬ್ಬ ಮುಗಿದ ಮೇಲೆ ಗದಿಗೆಪ್ಪ ಕರೆದೊಯ್ಯಲು ಬಂದ. ಬಂಡಿಯಲ್ಲಲ್ಲ, ಹೊಚ್ಚ ಹೊಸ ಸೈಕಲ್ಲಿನ ಮೇಲೆ! ತವರಿನ ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಹಿಡಿಕೆಗೆ ಪಂಚಮಿಯ ಸಿಹಿ ಉಂಡಿಯ ಬುಟ್ಟಿ ತೂಗುಹಾಕಿ, ಹಿಂದಿನ ಕ್ಯಾರಿಯರಿಗೆ ಈರವ್ವನ ಅವ್ವ ಹಳೆ ಸೀರೆಗಳಿಂದ ಹೊಲಿದು ಕೊಟ್ಟ ಕೌದಿಯ ಗಂಟನ್ನು ಬಿಗಿದು, ಅದರ ಹಿಂದೆ ಉಳಿದ ಗೇಣು ಜಾಗದಲ್ಲಿ ಹೆಂಡತಿಯನ್ನು ಕೂಡಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವನದೇ ಮಾತು. ಸೈಕಲ್ಲು ಎಂಥ ಕುದುರೆ, ಬ್ರೇಕು ಹಿಡಿಯುವುದು ಎಂಥ ಅಂಜುಬುರುಕರ ಕೆಲಸ, ಊರ ಗೌಡ ಹೇಗೆ ಹೊಟ್ಟೆ ಉರಿದುಕೊಂಡ, ಎಲ್ಲ. ಈರವ್ವ ಮಾತಾಡಲಿಲ್ಲ. ಎರಡೂ ಬದಿಯ ಹೊಲಗಳಲ್ಲಿ ಬೆಳೆಸಾಲಿನ ನಡುವೆ ಎಡೆಕುಂಟೆ ಹೊಡೆಯುವ ಗಂಡಸರಿದ್ದರು, ಕಳೆ ತೆಗೆಯುವ ಹೆಂಗಸರಿದ್ದರು. ಅಷ್ಟು ಜನರ ಮುಂದೆ ಹೊಸ ಸೊಸೆ ಗಂಡನ ಜೊತೆ ಮಾತಾಡುವುದುಂಟೇ! ಗದಿಗೆಪ್ಪನಿಗೂ ಅವಳ ಮೌನ ಅಭ್ಯಾಸವಾಗಿತ್ತು, ಉತ್ತರಕ್ಕೆ ಕಾಯದೆ ತನ್ನಷ್ಟಕ್ಕೆ ಮಾತಾಡುತ್ತಿದ್ದ.

ದಿಬ್ಬದ ಏರು ಬಂತು. ಇಳಿದು ತಳ್ಳಿದರೆ ಮರ್ಯಾದೆ ಹೋದೀತು ಎಂದು ಆಸಾಮಿ ಎದ್ದು ನಿಂತು ಪೆಡಲು ತುಳಿಯತೊಡಗಿದ. ಬೆನ್ನಿನ ಮೇಲೆ ಅಂಗಿ ತೊಪ್ಪೆಯಾಯಿತು. ಈರವ್ವ ಅದನ್ನು ನೋಡಿದಳು. ಸದ್ದಿಲ್ಲದೆ ಕೆಳಗಿಳಿದು, ಕ್ಯಾರಿಯರಿಗೆ ಕೈಕೊಟ್ಟು ಹಿಂದಿನಿಂದ ನೂಕುತ್ತ ನಡೆದಳು. ಸೈಕಲ್ಲು ಹಗುರಾದದ್ದೇ ತಡ, ಗದಿಗೆಪ್ಪನ ಬಡಾಯಿ ಇಮ್ಮಡಿಯಾಯಿತು. "ನೋಡಿದೇನ? ನಿನ್ನನ್ನ ಕೂಡಿಸ್ಕೊಂಡಽ ಏರು ಹತ್ತಿದೆ!" ಅಂದ. ಅವಳು ಸೆರಗಿನೊಳಗೆ ನಕ್ಕಳು. ನೆತ್ತಿ ಬಂದಾಗ ಮತ್ತೆ ಏರಿ ಕೂರಬೇಕು ಎಂದುಕೊಂಡಿದ್ದಳು. ಆದರೆ ನೆತ್ತಿ ಮುಟ್ಟಿದ ಸೈಕಲ್ಲು ಅವಳ ಕೈಯಿಂದ ಜಾರಿ ಸರ್ರನೆ ಇಳಿಜಾರು ಹಿಡಿದೇ ಬಿಟ್ಟಿತು. ಬೆನ್ನಿಗೆ ತಾಗುತ್ತಿದ್ದ ಕೌದಿ ಗಂಟಿನ ಹಿಂದೆ ಹೆಂಡತಿ ಕೂತೇ ಇದ್ದಾಳೆಂದು ತಿಳಿದು ಗದಿಗೆಪ್ಪ ಮಾತು ಮುಂದುವರಿಸಿಕೊಂಡೇ ಹೋದ. ಈರವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಊರು ಮುಟ್ಟಿದ ಮೇಲೆ ಗಂಟನ್ನು ಇಳಿಸಿ "ಬಾ" ಅಂತಾನೇನೋ ಎಂದು ನಗು ಬಂತು.

ಆಗ ಅವಳ ಕಣ್ಣು ನದಿಯ ಕಡೆ ಹೋಯಿತು. ಇತ್ತ ಕಡೆ ಒಂದು ಹನಿ ಮಳೆಯಿಲ್ಲ, ಬಿಸಿಲು ಬಿದ್ದಿದೆ. ಆದರೆ ಮೇಲಿನ ಸೀಮೆಯಲ್ಲಿ ಎಲ್ಲೋ ಸುರಿದ ನೀರು ಕೆಂಪಗೆ ಏರಿ ಬಂದಿತ್ತು. ಬೆಳಿಗ್ಗೆ ಗದಿಗೆಪ್ಪ ದಾಟಿ ಬಂದಿದ್ದ ಕಲ್ಲಿನ ಸೇತುವೆ ಈ ದಂಡೆಯಲ್ಲಿ ಅರ್ಧ, ಆ ದಂಡೆಯಲ್ಲಿ ಅರ್ಧ ನಿಂತಿತ್ತು. ನಡುವೆ ಏನೂ ಇರಲಿಲ್ಲ. ಅವಳು ನೋಡುತ್ತಿದ್ದಂತೆಯೇ ಇನ್ನೊಂದು ಕಲ್ಲು ಕಳಚಿ ಬಿತ್ತು. ಸದ್ದು ಕೂಡ ಕೇಳಲಿಲ್ಲ! ದಿಬ್ಬದ ಮೇಲೆ ನಿಂತವರಿಗೆ ಸೇತುವೆ ಕಾಣುತ್ತದೆ. ಇಳಿಜಾರಿನಲ್ಲಿ ಹೋಗುವವನಿಗೆ ಕೆಳಗಿನ ಹುಣಸೆಮರದ ತಿರುವು ದಾಟುವವರೆಗೆ ಕಾಣುವುದಿಲ್ಲ, ಕಂಡಾಗ ನಿಲ್ಲಲು ಜಾಗ ಇರುವುದಿಲ್ಲ.

"ರೀ! ರೀ, ನಿಲ್ರೀ!" ಎಂದು ಕಿರುಚಿದಳು. ಹೊಲದಲ್ಲಿದ್ದ ಗಂಡಸರೆಲ್ಲ ಕುಂಟೆ ನಿಲ್ಲಿಸಿ ತಿರುಗಿ ನೋಡಿದರು. ಎಲ್ಲರ ಹೆಂಡಂದಿರೂ ಅವರವರ ಗಂಡಂದಿರನ್ನು ಕರೆಯುವುದು ಹಾಗೆಯೇ ತಾನೆ! ತಿರುಗಿ ನೋಡದವನು ಗದಿಗೆಪ್ಪನೊಬ್ಬನೇ. ಅವನೇಕೆ ನೋಡಿಯಾನು? ಅವನ ಹೆಂಡತಿ ಅವನ ಬೆನ್ನಿಗೇ ಕೂತಿದ್ದಾಳೆ. ದೂರದಿಂದ ಬಂದ ಕೂಗು ಬೇರೆ ಯಾರದೋ ಹೆಂಡತಿಯದು. ಈರವ್ವ ಮತ್ತೆ ಕೂಗಿದಳು, ಮತ್ತೆ ಗಂಡಸರೆಲ್ಲ ನೋಡಿದರು, ಮತ್ತೆ ಅವನು ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿಕೊಂಡು ಇಳಿದ. ರಸ್ತೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕ ಇಮಾಮಸಾಬ ಕುಡುಗೋಲು ಬಿಟ್ಟು ಓಡಿಬಂದ. "ಯಾರನ್ನ ಕರೀತೀ ಯವ್ವಾ? ಹೆಸರು ಹೇಳು, ನಾನರ ಕೂಗ್ತೀನಿ!" ಈರವ್ವ ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಹೇಳಿದರೆ ಆಯುಷ್ಯ ಹೋಗುತ್ತದೆ, ಹೇಳದಿದ್ದರೆ ಈಗಲೇ ಜೀವ ಹೋಗುತ್ತದೆ. ತನ್ನ ಬಾಯಿಂದಲೇ ಅವನ ಸಾವಿಗೆ ಮುಹೂರ್ತ ಇಟ್ಟಂತೆ ಅನಿಸಿತು. ಕೆಳಗೆ ಸೈಕಲ್ಲು ಹುಣಸೆಮರದ ನೆರಳು ಮುಟ್ಟುವುದರಲ್ಲಿತ್ತು.

"ಗದಿಗೆಪ್ಪಾ!"

ಹೊಲದ ಹೆಂಗಸರು ಕೈಯಲ್ಲಿದ್ದ ಕಳೆ ಕೆಳಗೆ ಹಾಕಿ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ ಶಿವನ!" ಎಂದು ಒಬ್ಬಳು ಅಂದದ್ದು ಮೂರು ಹೊಲದಾಚೆ ಕೇಳಿಸಿತಂತೆ. ತಾಯಿಯಲ್ಲ, ಅಕ್ಕನಲ್ಲ, ಕಟ್ಟಿಕೊಂಡ ಹೆಂಡತಿ ಹೀಗೆ ದನ ಕರೆದಂತೆ ಗಂಡನ ಹೆಸರು ಕೂಗುವುದೇ! ಎಲ್ಲರಿಗಿಂತ ದಂಗುಬಡಿದವನು ಗದಿಗೆಪ್ಪ. ಬೆನ್ನ ಹಿಂದೆ ಇರಬೇಕಾದ ದನಿ ದಿಬ್ಬದ ಮೇಲಿಂದ ಬಂತು, ಅದೂ ತನ್ನ ಹೆಸರು ಹಿಡಿದು! ಗಕ್ಕನೆ ತಿರುಗಿ ನೋಡಿದ. ಕ್ಯಾರಿಯರಿನ ಮೇಲೆ ಹೆಂಡತಿ ಇಲ್ಲ, ಕೌದಿ ಗಂಟು ಕೂತಿದೆ. ಹೌಹಾರಿ ಎರಡೂ ಬ್ರೇಕು ಅಮುಕಿದ. ಸೈಕಲ್ಲು ಅವನನ್ನು ಜಾಲಿಕಂಟಿಯೊಳಗೆ ಎಸೆದು, ತಾನೊಂದೇ ತಿರುವು ದಾಟಿ ಹೋಯಿತು.

ಮೈತುಂಬ ಮುಳ್ಳು, ಮೊಣಕಾಲು ರಕ್ತ. ಎದ್ದು ನಿಂತವನಿಗೆ ಮೊದಲು ಬಂದದ್ದು ಸಿಟ್ಟು. ಸುತ್ತಲ ಹೊಲದವರು ನಗುತ್ತಿದ್ದಾರೆ, ಹೊಸ ಸೈಕಲ್ಲು ಹೋಗಿದೆ. ಓಡಿಬಂದ ಹೆಂಡತಿಗೆ, "ಮಾನ ಕಳದೆಲ್ಲ! ಯಾರು ಕಲಿಸಿದ್ರು ನಿನಗ ಇದನ್ನ?" ಎಂದು ಕೈಯೆತ್ತಿಯೇ ಬಿಟ್ಟ. ಈರವ್ವ ತಪ್ಪಿಸಿಕೊಳ್ಳಲಿಲ್ಲ. "ಬಡೀರಿ, ಬಡೀರಿ. ಬದುಕೀರಲ್ಲ" ಎಂದು ಅಲ್ಲೇ ಕುಸಿದು ಅತ್ತಳು. ಅಷ್ಟರಲ್ಲಿ ತಿರುವಿನ ತನಕ ಹೋಗಿದ್ದ ಇಮಾಮಸಾಬ ಬಿಳಿಚಿದ ಮುಖ ಹೊತ್ತು ವಾಪಸು ಬಂದ. ಎತ್ತಿದ ಕೈಯನ್ನೇ ಹಿಡಿದು ಗದಿಗೆಪ್ಪನನ್ನು ತಿರುವಿನಾಚೆ ಎಳೆದೊಯ್ದು ನಿಲ್ಲಿಸಿದ. ನೀರಿನಲ್ಲಿ ಉಂಡಿಯ ಬುಟ್ಟಿ ಸುತ್ತುತ್ತ ತೇಲಿ ಹೋಗುತ್ತಿತ್ತು. ಸೈಕಲ್ಲು ಕಾಣಲಿಲ್ಲ. ಬಡಾಯಿಕೋರ ಗದಿಗೆಪ್ಪ ನೆಲದ ಮೇಲೆ ಕೂತವನು ನೆರೆ ಇಳಿಯುವವರೆಗೆ ಒಂದೇ ಒಂದು ಮಾತಾಡಲಿಲ್ಲ ಎನ್ನುತ್ತಾರೆ.

ಮಗ ಬದುಕಿ ಬಂದದ್ದಕ್ಕೆ ಸಿದ್ದವ್ವ ಸೊಸೆಗೆ ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದಳು. ಹೆಸರು ಕೂಗಿದ್ದು ತಿಳಿದಾಗ ಅದೇ ಕೈಯಿಂದ ಎದೆ ಬಡಿದುಕೊಂಡಳು. ಅಲ್ಲಿಂದ ಮುಂದೆ ಗದಿಗೆಪ್ಪ ಕೆಮ್ಮಿದರೂ ಈರವ್ವನ ಜೀವ ಬಾಯಿಗೆ ಬರುತ್ತಿತ್ತು. ಸೋಮವಾರ ಉಪವಾಸ ಹಿಡಿದಳು, ಖಾರ ಬಿಟ್ಟಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ತಾನು ಕೂಗಿ ಕಳೆದ ವರ್ಷಗಳನ್ನು ಹೇಗಾದರೂ ತುಂಬಿಕೊಡಬೇಕು ಎಂಬುದೊಂದೇ ಅವಳ ಚಿಂತೆ. ಗದಿಗೆಪ್ಪನೋ, ತಾಯಿ ಸಿದ್ದವ್ವ ಹೋದರೂ ಇದ್ದ, ಇಮಾಮಸಾಬ ಹೋದರೂ ಇದ್ದ, ಹಲ್ಲು ಹೋದ ಮೇಲೂ ಗುಂಡುಕಲ್ಲಿನಂತೆ ಇದ್ದ. ಚೇಷ್ಟೆ ಮಾತ್ರ ಬಿಡಲಿಲ್ಲ. "ಒಮ್ಮೆ ಕೂಗಿದ್ದಕ್ಕಽ ಇಷ್ಟು ವರ್ಷ ಬಂದಾವು. ಇನ್ನೊಮ್ಮೆ ಕರಿ, ಸಾಯೂದರೊಳಗ ಕೇಳಬೇಕು" ಎನ್ನುತ್ತಿದ್ದ. ಮುದುಕಿಯಾದ ಈರವ್ವ ಆಗಲೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ದಾರಿಹೋಕರು ಮಾತ್ರ ದಿಬ್ಬಕ್ಕೆ ಆಗಲೇ ಅವನ ಹೆಸರಿಟ್ಟು ಕರೆಯುತ್ತಿದ್ದರು. ಅದನ್ನೂ ಅವಳು "ಆ ದಿಬ್ಬ" ಅನ್ನುತ್ತಿದ್ದಳೇ ವಿನಾ ಹೆಸರು ಹೇಳಲಿಲ್ಲ.

ಗದಿಗೆಪ್ಪ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಈರವ್ವ ಕೋಲು ಹಿಡಿದು ಹೊಸ ಸೇತುವೆ ದಾಟಿ ದಿಬ್ಬ ಹತ್ತಿದಳಂತೆ. ನೆತ್ತಿಯ ಮೇಲೆ ನಿಂತು, ಸೆರಗನ್ನು ಬಾಯಿಂದ ತೆಗೆದು, ನದಿಯ ಕಡೆಗೆ ಮುಖಮಾಡಿ "ಗದಿಗೆಪ್ಪಾ" ಎಂದು ಕರೆದಳು. ಅವನು ಜೀವನವಿಡೀ ಬೇಡಿದ್ದನ್ನು ಅವಳು ಕೊಟ್ಟದ್ದು ಆಗ. ಇನ್ನು ಕಡಿಮೆಯಾಗುವುದಕ್ಕೆ ಆಯುಷ್ಯವೇ ಉಳಿದಿರಲಿಲ್ಲವಲ್ಲ. ಹೊಲದಲ್ಲಿದ್ದ ಗಂಡಸರೆಲ್ಲ ಕುಂಟೆ ನಿಲ್ಲಿಸಿ ತಿರುಗಿ ನೋಡಿದರು. ಅವಳು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡುತ್ತ ಕಾದು ನಿಂತಿದ್ದಳು ಎಂದು ಕಂಡವರು ಹೇಳುತ್ತಾರೆ.

ಈಗಿನ ಸವಾರರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಗಂಡನನ್ನು ಹೆಸರು ಹಿಡಿದು, ಅದೂ ಏಕವಚನದಲ್ಲಿ ಕರೆಯುತ್ತಾರೆ. ದಿಬ್ಬದ ಮೇಲೆ ಈಗ ಇರುವ ಚಹದಂಗಡಿಯ ಮುದುಕಿಯರು ಇವತ್ತಿಗೂ ಬೆಚ್ಚಿಬಿದ್ದು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಊರಿನವರು ಹಿಂದೆ ಯಾರನ್ನಾದರೂ ಕೂಡಿಸಿಕೊಂಡು ಬಂದರೆ, ಸೈಕಲ್ಲಿರಲಿ, ಮೋಟಾರು ಸೈಕಲ್ಲಿರಲಿ, ದಿಬ್ಬದ ಮೇಲೆ ಒಂದು ಕೈ ಹಿಂದೆ ಚಾಚಿ ಮುಟ್ಟಿ ನೋಡಿಯೇ ಇಳಿಯುತ್ತಾರೆ. ಮತ್ತೆ ಆ ನೆತ್ತಿಯಿಂದ ಒಬ್ಬ ಹೆಂಗಸು ಯಾವ ಹೆಸರನ್ನೇ ಕೂಗಲಿ, ಇಳಿಜಾರಿನಲ್ಲಿರುವ ಗಂಡಸರೆಲ್ಲ ಒಮ್ಮೆ ನಿಂತು ತಿರುಗಿ ನೋಡುತ್ತಾರೆ.