ನೀಲಗಿರಿಯ ಊರು

ಶಾಲೆಯಂಗಳದ ನೀಲಗಿರಿ ಮರಕ್ಕೆ ಆ ದಿನ ನಿಂತಲ್ಲಿ ನಿಲ್ಲಲಾಗಲಿಲ್ಲ. ನಾಡಿನ ಮರಕ್ಕೆ ಫಲಕ ಕಟ್ಟುತ್ತಾರಂತೆ, ಉಳಿದದ್ದಕ್ಕೆ ಕೊಡಲಿಯಂತೆ.

“ನನ್ನ ಹೆಸರಲ್ಲೇ ನಮ್ಮ ಬೆಟ್ಟವಿದೆ. ನನಗಿಂತ ನಾಡಿನವರು ಯಾರು?” ಎಂದು ಅದು ಪಕ್ಕದ ಹೊಂಗೆಯನ್ನು ಕೇಳಿತು.

“ಹೆಸರು ಇಲ್ಲಿನದೇ ತಮ್ಮಾ, ನೀನು ಮಾತ್ರ ಹಡಗು ಹತ್ತಿ ಬಂದವನು.”

“ಮಕ್ಕಳೇ ಹೇಳಲಿ.”

ಫಲಕ ಹಿಡಿದು ಬಂದ ಚಂದ್ರಮತಿ ಟೀಚರ್ ಇವೆರಡರಲ್ಲಿ ನಾಡಿನ ಮರ ಯಾವುದೆಂದು ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ “ನೀಲಗಿರಿ” ಎಂದರು. ನೀಲಗಿರಿ ಇನ್ನಷ್ಟು ನೆಟ್ಟಗಾಯಿತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿ, ಹೊಂಗೆಯ ಕೆಳಗೆ ಒತ್ತೊತ್ತಾಗಿ ಕುಳಿತರು.

“ನಿಮ್ಮ ನೀಲಗಿರಿಯ ಕೆಳಗೆ ಕೂರಬಾರದೇ?” ಎಂದರು ಟೀಚರ್.

“ಅಲ್ಲಿ ನೆರಳೇ ಇಲ್ಲ, ಮಿಸ್. ತಲೆ ಸುಡುತ್ತೆ.”

“ಬಾಯಿ ತಪ್ಪಿದರೂ ಕಾಲು ತಪ್ಪಲಿಲ್ಲ,” ಎನ್ನುತ್ತ ಟೀಚರ್ ಫಲಕವನ್ನು ಹೊಂಗೆಗೆ ಕಟ್ಟಿದರು.